ಒಗೆಯದೆ ಇಟ್ಟ ಬೈರಾಸು

ತೋಡಿನ ಹರಿಯುವ ನೀರಿಗೆ ಇನ್ನೂ ಬೆಳಕು ಇಳಿದಿಲ್ಲ. ವಾಮದಪದವಿನ ಇಳಿಜಾರಿನ ಬುಡದಲ್ಲಿ, ಮೂರು ಒಗೆಯುವ ಕಲ್ಲುಗಳಿರುವ ಜಾಗದಲ್ಲಿ, ಉಬ್ಬೆಯ ಹಂಡೆಯಿಂದ ಹಬೆ ಏಳುತ್ತಿದೆ. ಬೂದಿನೀರಿನಲ್ಲಿ ನೆನೆದು ಹಬೆಯಲ್ಲಿ ಬೆಂದ ಬಟ್ಟೆಗಳನ್ನು ಸರಸಕ್ಕ ಕೋಲಿನಿಂದ ಒಂದೊಂದಾಗಿ ಎತ್ತಿ ಕಲ್ಲಿನ ಮೇಲೆ ಹಾಕುತ್ತಿದ್ದಾರೆ. ಬಿಸಿ ತಾಗಿದರೆ ಬೆರಳನ್ನು ಕಿವಿಯ ಹಾಲೆಗೆ ಒತ್ತಿಕೊಳ್ಳುತ್ತಾರೆ, ಒಲೆಯ ಮುಂದೆ ಹೆಂಗಸರೆಲ್ಲ ಮಾಡುವ ಹಾಗೆ. ಆಮೇಲೆ ಸೆರಗು ಸುತ್ತಿ ಸಿಕ್ಕಿಸಿ ನೀರಿಗಿಳಿದರೆ ಶುರು. ಒಂದು ಹೊಡೆತ, ಅದರ ಹಿಂದೆಯೇ ಎದುರು ಗುಡ್ಡದಿಂದ ಅದರ ಮರುದನಿ. ಮೇಲೆ ಪದವಿನ ಸಮತಟ್ಟು ಬಯಲಿನಲ್ಲಿರುವ ಚಹದ ಅಂಗಡಿಯವರು ಆ ಮೊದಲ ಹೊಡೆತ ಕೇಳಿದ ಮೇಲೆಯೇ ಒಲೆ ಹಚ್ಚುವುದಂತೆ.

ಇವತ್ತು ಶನಿವಾರ. ಬೇರೆ ದಿನಗಳಲ್ಲಿ ಸರಸಕ್ಕನ ಕಣ್ಣು ಬಟ್ಟೆಯ ಮೇಲಿಂದ ಕದಲುವುದಿಲ್ಲ. ಶನಿವಾರ ಮಾತ್ರ ಆಗಾಗ ಮೇಲೇಳುತ್ತದೆ. ತೋಡಿನ ಈಚೆಯ ದಾರಿಯಿಂದ ಕಾಂತಿ ಎಂಬ ಹನ್ನೆರಡು ವರ್ಷದ ಹುಡುಗಿ ಬಟ್ಟೆಯ ಗಂಟು ಹಿಡಿದು ಬರಲಿಕ್ಕಿದ್ದಾಳೆ. ಮೇಲೆ ಪದವಿನ ದಾರಿಯಿಂದ ಅವಳ ಅಪ್ಪ ಇಳಿದು ಬರಬೇಕು. ಅವರು ಬಾರದೆ ಕೆಲವು ವಾರಗಳಾದವು.

"ಬಂದರೆ ಬರ್ತಾರೆ," ಎನ್ನುತ್ತಾರೆ ಸರಸಕ್ಕ, ಒಂದು ಪಂಚೆಯನ್ನು ಹಿಂಡುತ್ತ. "ಬರದಿದ್ದರೆ, ಬರಲಿಲ್ಲ ಮಗಾ ಅಂತ ನಾನೇ ಅವಳಿಗೆ ಹೇಳ್ತೇನೆ. ನಾಳೆ ಬರ್ತಾರೆ ಅಂತ ಮಾತ್ರ ಹೇಳುವುದಿಲ್ಲ." ಅವರು ಆಡುವುದು ತುಳು. ಕನ್ನಡದಲ್ಲಿ ಬರೆದರೆ ಹೀಗಾಗುತ್ತದೆ.

ಸರಸಕ್ಕನಿಗೆ ಐವತ್ತರ ಆಸುಪಾಸು. ಮಡಿವಾಳರ ಮನೆಯಲ್ಲಿ ಹುಟ್ಟಿ ಮಡಿವಾಳರ ಮನೆಗೇ ಸೊಸೆಯಾಗಿ ಬಂದವರು. ತೋಡಿನ ಎರಡೂ ಬದಿಯ ಹದಿನಾರು ಮನೆಗಳ ಬಟ್ಟೆ ಅವರ ಕೈಯಲ್ಲಿ ಹಾದು ಹೋಗುತ್ತದೆ. ಹೆರಿಗೆಯಾದ ಮನೆಗೆ, ಹುಡುಗಿ ದೊಡ್ಡವಳಾದ ಮನೆಗೆ, ಸಾವಾದ ಮನೆಗೆ ಮಡಿ ಬಟ್ಟೆ ಕೊಂಡುಹೋಗುವವರೂ ಅವರೇ. ಪ್ರತಿಫಲವಾಗಿ ಕೊಯ್ಲಿನ ಹೊತ್ತಿಗೆ ಭತ್ತ, ಹಬ್ಬಕ್ಕೆ ತೆಂಗಿನಕಾಯಿ. ಹೆಗಲಿನ ನೋವು ಯಾವ ವರ್ಷ ಶುರುವಾಯಿತೆಂದು ಅವರಿಗೇ ನೆನಪಿಲ್ಲ. ಗಂಡ ಚನಿಯಪ್ಪ ಸೌದೆ ಒಟ್ಟುತ್ತಾರೆ, ಹಂಡೆ ಹೊರುತ್ತಾರೆ, ಪದವಿನ ಮೇಲೆ ಹುಲ್ಲಿನಲ್ಲಿ ಬಟ್ಟೆ ಹರವಿ ದನ ಬಾರದಂತೆ ಕಾಯುತ್ತಾರೆ. ಕೆಲಸಕ್ಕಿಂತ ಮಾತು ಹೆಚ್ಚು. "ಈಗ ಟೆರಿಲಿನ್ ಅಂತ ಬಂದಿದೆಯಲ್ಲ, ಅದನ್ನು ಉಬ್ಬೆಗೆ ಹಾಕಿದರೆ ಹಪ್ಪಳ ಆಗ್ತದೆ," ಎಂದು ನಗುತ್ತಾರೆ. ಹೆಂಡತಿಯ ಬಗ್ಗೆಯೂ ಅವರಿಗೊಂದು ಮಾತುಂಟು. "ಇವಳಿಗೆ ಊರವರ ಮುಖ ನೆನಪಿರುವುದಿಲ್ಲ. ಅಂಗಿ ತೋರಿಸಿ, ಯಾರಂತ ಹೇಳ್ತಾಳೆ."

ಅಂಗಿ ಯಾರದ್ದೆಂದು ತಿಳಿಯುವುದು ಗುರುತಿನಿಂದ. ಕರಿಗೇರಿನ ಕಾಯಿಗೆ ಸೂಜಿ ಚುಚ್ಚಿ, ಅದರ ರಸದಿಂದ ಬಟ್ಟೆಯ ಮೂಲೆಯಲ್ಲಿ ಮನೆಮನೆಗೊಂದು ಗುರುತು ಹಾಕಿ, ಮೇಲೆ ಸುಣ್ಣ ಸವರುತ್ತಾರೆ. ಒಂದು ಮನೆಗೆ ಎರಡು ಗೀಟು ಮತ್ತು ಒಂದು ಬೊಟ್ಟು. ಇನ್ನೊಂದಕ್ಕೆ ಕತ್ತಿಯ ಹಾಗೆ ಬಾಗಿದ ಗೆರೆ. ಆ ಕಪ್ಪು ಯಾವ ಸೋಪಿಗೂ ಹೋಗುವುದಿಲ್ಲ, ಬಟ್ಟೆ ಹರಿದು ಒರಸುವ ಚಿಂದಿಯಾಗುವವರೆಗೂ ಇರುತ್ತದೆ. ಮದುವೆಯಾಗಿ ಬಂದ ಹೆಂಗಸಿನ ಸೀರೆಗೆ, ಅವಳು ಹೆತ್ತ ಮಕ್ಕಳ ಅಂಗಿಗೆ, ಅವರಿರುವ ಮನೆಯದ್ದೇ ಗುರುತು. ಅತ್ತೆ ಕಲಿಸಿಕೊಟ್ಟ ಈ ಗುರುತುಗಳನ್ನು ಸರಸಕ್ಕ ಕತ್ತಲಲ್ಲಿ ಬೆರಳಿನಿಂದ ತಡವಿಯೂ ಹೇಳಬಲ್ಲರು.

ಆದರೆ ಇಷ್ಟಕ್ಕೇ ಅವರ ಬಗ್ಗೆ ಬರೆಯುವುದಾದರೆ ಊರಿಗೊಬ್ಬರ ಬಗ್ಗೆ ಬರೆಯಬೇಕಾದೀತು. ಸರಸಕ್ಕ ಇನ್ನೊಂದು ಕೆಲಸವನ್ನೂ ಮಾಡುತ್ತಾರೆ. ಅದಕ್ಕೆ ಹೆಸರಿಲ್ಲ, ಭತ್ತವೂ ಇಲ್ಲ. ಗಂಡ ಹೆಂಡತಿಗೆ ಬಿಡುಗಡೆಯಾದ ಮನೆಯಲ್ಲಿ, ಮಕ್ಕಳಿಗೆ ಅದನ್ನು ಹೇಳಲು ದೊಡ್ಡವರ ಬಾಯಿ ಏಳದೆ ಹೋದಾಗ, ಸರಸಕ್ಕನಿಗೆ ಬರಹೇಳುತ್ತಾರೆ.

ನಮ್ಮ ಕಡೆ ಬಿಡುಗಡೆ ಹೊಸತಲ್ಲ. ಅಳಿಯಕಟ್ಟಿನ ಕುಟುಂಬಗಳಲ್ಲಿ ಹಿಂದಿನಿಂದಲೂ ಉಂಟು, ಈಗ ಬಂಟ್ವಾಳದ ಕಚೇರಿಯಲ್ಲಿ ದಾಖಲೆಯೂ ಮಾಡಿಸುತ್ತಾರೆ. ಮಕ್ಕಳು ಹೇಗೂ ತಾಯಿಯ ಕುಟುಂಬಕ್ಕೇ ಸೇರಿದವರು, ಆದ್ದರಿಂದ ಅವರು ಯಾರ ಜೊತೆ ಎಂಬ ಜಗಳವಿಲ್ಲ. ತಾಯಿ ಪೆಟ್ಟಿಗೆ ಎತ್ತಿಕೊಂಡು ತವರಿಗೆ ಬರುತ್ತಾಳೆ, ಮಕ್ಕಳು ಹಿಂದೆ ಬರುತ್ತಾರೆ, ಸೋದರಮಾವ ನೋಡಿಕೊಳ್ಳುತ್ತಾನೆ. ಎಲ್ಲ ಸರಿಯಾಗಿ ಕೂತಿತೆಂದು ಹಿರಿಯರು ವೀಳ್ಯ ಹಾಕಿಕೊಳ್ಳುತ್ತಾರೆ. ಹಾಗೆ ಸರಿಯಾಗಿ ಕೂತದ್ದರಿಂದಲೇ, ಮಕ್ಕಳಿಗೆ ಏನಾದರೂ ಹೇಳಬೇಕೆಂದು ಯಾರಿಗೂ ಹೊಳೆಯುವುದಿಲ್ಲ.

ಕಾಂತಿಯ ಮನೆಯಲ್ಲೂ ಹಾಗೆಯೇ ಆಯಿತು. ಅವಳ ತಾಯಿ ನೀಲಾವತಿಯ ತವರು ತೋಡಿನ ಈಚೆ, ತಂದೆ ರಮಾನಾಥರ ಮನೆ ಆಚೆ. ನಡುವೆ ಒಂದು ಬಯಲು, ಒಂದು ಗುಡ್ಡ. ಎರಡೂ ಸರಸಕ್ಕನಿಗೆ ಬಟ್ಟೆ ಕೊಡುವ ಮನೆಗಳು. ಬಿಡುಗಡೆ ಯಾತಕ್ಕಾಯಿತೆಂದು ಕೇಳಿದರೆ ಸರಸಕ್ಕ ಹೇಳುವುದಿಲ್ಲ. "ಬಟ್ಟೆಯ ಕೊಳೆ ಕಂಡದ್ದನ್ನು ಹೇಳ್ತಾ ಹೋದರೆ ನಮಗೆ ಬಟ್ಟೆ ಕೊಡುವವರು ಯಾರು?"

ನೀಲಾವತಿ ಮಕ್ಕಳನ್ನು ಕರೆದುಕೊಂಡು ತವರಿಗೆ ಬಂದದ್ದು ಒಂದು ಹಲಸಿನ ಕಾಲದಲ್ಲಿ. ಕಾಂತಿಗೆ ಎಂಟು ವರ್ಷ, ತಮ್ಮ ನಿತ್ಯಾನಂದನಿಗೆ ನಾಲ್ಕು. ಅಪ್ಪ ಎಲ್ಲಿ ಎಂದು ಅವರು ಕೇಳಿದಾಗ ಮನೆಯ ಯಜಮಾನರಾದ ಮಾವ ಚಿನ್ನಯ್ಯ, ಅಪ್ಪ ಘಟ್ಟದ ಮೇಲೆ ಕಾಫಿತೋಟದ ಕೆಲಸಕ್ಕೆ ಹೋಗಿದ್ದಾರೆ, ಮಳೆ ಮುಗಿದ ಕೂಡಲೇ ಬರುತ್ತಾರೆ ಎಂದರು. ಮಳೆ ಮುಗಿಯಿತು. ಕೊಯ್ಲು ಮುಗಿದ ಮೇಲೆ ಎಂದರು. ಕೊಯ್ಲೂ ಮುಗಿಯಿತು. ಚಿನ್ನಯ್ಯ ಕೆಟ್ಟವರಲ್ಲ, ಮಕ್ಕಳು ಅಳುವುದನ್ನು ನೋಡಲಾಗದವರು. ಸರಸಕ್ಕನನ್ನು ಅಂಗಳದಲ್ಲಿ ನಿಲ್ಲಿಸಿ ಅವರು ಕಟ್ಟುನಿಟ್ಟಾಗಿ ಹೇಳಿದ್ದರು: ಆಚೆ ಮನೆಯ ಸುದ್ದಿ ಈ ಅಂಗಳದಲ್ಲಿ ಬರಬಾರದು, ಆಚೆ ಮನೆಯ ಗಂಟು ತಲೆಯ ಮೇಲಿರುವಾಗ ಈ ಅಂಗಳಕ್ಕೆ ಕಾಲಿಡಬಾರದು.

ಸರಸಕ್ಕ ಹಾಗೆಯೇ ನಡೆದುಕೊಂಡರು. ವಾರಕ್ಕೊಮ್ಮೆ ರಮಾನಾಥರ ಪಂಚೆ, ಅಂಗಿ, ಮೈ ಒರಸಿ ಹೆಗಲಿಗೆ ಹಾಕುವ ಬೈರಾಸು ಒಗೆಯುತ್ತಿದ್ದರು. ಅದೇ ನೀರಿನಲ್ಲಿ ಕಾಂತಿಯ ಲಂಗ ಒಗೆಯುತ್ತಿದ್ದರು. ಆಮೇಲೆ ಒಂದನ್ನು ಆಚೆಗೆ, ಒಂದನ್ನು ಈಚೆಗೆ ಹೊತ್ತುಕೊಂಡು ಹೋಗುತ್ತಿದ್ದರು. ಕಾಂತಿ ಗಂಟು ತೆಗೆದುಕೊಳ್ಳಲು ಬಂದು ಸುಮ್ಮನೆ ಮುಖ ನೋಡಿ ನಿಲ್ಲುತ್ತಿದ್ದಳು. ಆ ನೋಟ ಬೆನ್ನ ಮೇಲೆ ಗುಡ್ಡ ಇಳಿಯುವವರೆಗೂ ಇರುತ್ತಿತ್ತು ಎನ್ನುತ್ತಾರೆ ಸರಸಕ್ಕ.

ಮಕ್ಕಳ ಬಟ್ಟೆಗಳಲ್ಲಿ ಇದ್ದದ್ದು ಅಪ್ಪನ ಮನೆಯ ಗುರುತು, ಎರಡು ಗೀಟು ಒಂದು ಬೊಟ್ಟು. ಈಚೆ ಮನೆಯದ್ದು ಬಾಗಿದ ಗೆರೆ. ಹಳೆಯ ಗುರುತನ್ನು ತೆಗೆಯಲಾಗುವುದಿಲ್ಲ, ಅದರ ಮೇಲೆ ಇನ್ನೊಂದು ಹಾಕಿದರೆ ಎರಡೂ ಕೆಡುತ್ತವೆ. ಬೆಳೆಯುವ ಮಕ್ಕಳು, ಹೊಸ ಬಟ್ಟೆ ಬಂದಾಗ ಹೊಸ ಗುರುತು ಹಾಕಿದರಾಯಿತೆಂದು ಸರಸಕ್ಕ ಬಿಟ್ಟಿದ್ದರು. ಎರಡು ಗೀಟಿನ ಬಟ್ಟೆಗಳಲ್ಲಿ ಚಿಕ್ಕವನ್ನೆಲ್ಲ ಆಯ್ದು ಈಚೆಯ ಗಂಟಿಗೆ ಹಾಕುವುದು, ಅಷ್ಟೇ.

ಮರುವರ್ಷ ಮತ್ತೆ ಹಲಸಿನ ಕಾಲ ಬಂತು. ಒಂದು ಮಧ್ಯಾಹ್ನ ಪದವಿನ ತುಂಬ ಬಟ್ಟೆ ಹರವಿದ್ದಾಗ ಎಲ್ಲಿಂದಲೋ ಮೋಡ ಕವಿದು ಹನಿ ಬಿತ್ತು. ಗಂಡ ಹೆಂಡತಿ ಓಡಿ ಬಾಚಿ ತಬ್ಬಿಕೊಂಡು ಗುಡಿಸಲಿಗೆ ತಂದರು. ಗಡಿಬಿಡಿಯಲ್ಲಿ ಮಡಚುವಾಗ ಎರಡು ಗೀಟಿನ ಒಂದು ಚಿಕ್ಕ ಬೈರಾಸು ನಿತ್ಯಾನಂದನ ಚಡ್ಡಿಗಳ ನಡುವೆ ಹೋಯಿತು. ಕೆಂಪು ಅಂಚಿನದ್ದು, ಒಂದು ಮೂಲೆಯಲ್ಲಿ ಬೀಡಿಯ ಕಿಡಿ ತಾಗಿ ಸುಟ್ಟ ತೂತು. ರಮಾನಾಥರದ್ದು.

ಎರಡು ದಿನದ ಮೇಲೆ ಆಚೆ ಮನೆಯಲ್ಲಿ, ಒಂದು ಬೈರಾಸು ಬಂದಿಲ್ಲವಲ್ಲ ಎಂದರು. ಎಲ್ಲಿಗೆ ಹೋಗಿರಬಹುದೆಂದು ಸರಸಕ್ಕನಿಗೆ ಕೂಡಲೇ ತಿಳಿಯಿತು. ಈಚೆ ಮನೆಗೆ ಹೋಗಿ ಕೇಳುವ ಹಾಗಿಲ್ಲ, ಕೇಳದೆ ಇರುವ ಹಾಗೂ ಇಲ್ಲ. ಮರುದಿನ ಬೆಳಿಗ್ಗೆ ಕಲ್ಲಿನ ಮುಂದೆ ನಿಂತು ಅದನ್ನೇ ಯೋಚಿಸುತ್ತಿದ್ದಾಗ ಕಾಂತಿ ಒಬ್ಬಳೇ ಇಳಿದು ಬಂದಳು. ಲಂಗದ ಒಳಗಿನಿಂದ ಬೈರಾಸು ತೆಗೆದು, ತನ್ನ ಲಂಗದ ಮೂಲೆಯ ಗುರುತನ್ನೂ ಅದರ ಗುರುತನ್ನೂ ಪಕ್ಕದಲ್ಲಿ ಹಿಡಿದು ತೋರಿಸಿದಳು.

"ಸರಸಕ್ಕ, ಅಪ್ಪ ಘಟ್ಟದಲ್ಲಿದ್ದರೆ ಇದನ್ನು ಒಗೆಯಲಿಕ್ಕೆ ಕೊಟ್ಟದ್ದು ಯಾರು?"

ಹಳೆಯ ಬೈರಾಸು ಮಗಾ, ನಿನ್ನ ಅಜ್ಜಿ ಕೊಟ್ಟದ್ದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಅದನ್ನು ತಡೆದದ್ದು ಬೇರೆಯೇ ಒಂದು ಹಳೆಯ ಸಂಗತಿ.

ಸರಸಕ್ಕನಿಗೆ ಆರು ವರ್ಷವಿದ್ದಾಗ ಅವರ ಅಪ್ಪ ಮನೆ ಬಿಟ್ಟರು. ಅವರ ಅಪ್ಪ ಅಮ್ಮನಿಗೂ ಬಿಡುಗಡೆಯೇ. ಆದರೆ ಅಮ್ಮ ಹೇಳಿದ್ದು, ಅಪ್ಪ ನಿನಗೆ ಹಸಿರು ಬಳೆ ತರಲು ಮೂಡಬಿದ್ರೆಗೆ ಹೋಗಿದ್ದಾರೆ ಎಂದು. ಹುಡುಗಿ ಕಾದಳು. ಬಳೆಗಾರ ಬಂದು ಅಂಗಳದಲ್ಲಿ ಕೂತಾಗ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು, ನನಗೆ ಅಪ್ಪ ತರುತ್ತಾರೆ ಎಂದು. ಓರಗೆಯವರ ಕೈಯಲ್ಲೆಲ್ಲ ಬಳೆ, ಇವಳ ಕೈ ಬರಿದು. ಹಾಗೆ ವರ್ಷಗಳು ಹೋದವು. ಮದುವೆಯ ಮಾತು ನಡೆಯುವಾಗ ಯಾರೋ ದೊಡ್ಡಮ್ಮ, ನಿನ್ನ ಅಪ್ಪ ಆಗಲೇ ಬೇರೆ ಕಡೆ ಸಂಸಾರ ಮಾಡಿಕೊಂಡಿದ್ದಾನೆ ಮಾರಾಯ್ತಿ, ಇನ್ನೂ ಬಳೆ ಕಾಯ್ತಿದ್ದೀಯಾ ಎಂದು ನಕ್ಕರು.

"ಆ ದಿನ ನನಗೆ ಅಪ್ಪನ ಮೇಲೆ ಸಿಟ್ಟು ಬರಲಿಲ್ಲ," ಎನ್ನುತ್ತಾರೆ ಸರಸಕ್ಕ. "ಅಮ್ಮನ ಮೇಲೂ ಬರಲಿಲ್ಲ. ನಾಚಿಕೆ ಆಯಿತು. ಅಷ್ಟು ವರ್ಷ ಎಲ್ಲರಿಗೂ ಗೊತ್ತಿತ್ತು, ನಾನೊಬ್ಬಳೇ ಕೈ ಹಿಂದೆ ಕಟ್ಟಿಕೊಂಡು ನಿಂತದ್ದಲ್ಲವಾ ಅಂತ."

ಅದಕ್ಕೇ ಆ ಬೆಳಿಗ್ಗೆ ಅವರು ಒಗೆಯುವುದನ್ನು ನಿಲ್ಲಿಸಿ, ಒದ್ದೆ ಕೈಯನ್ನು ಸೀರೆಗೆ ಒರಸಿಕೊಂಡು, ಮಗುವನ್ನು ಒಣಗಿದ ಕಲ್ಲಿನ ಮೇಲೆ ಕೂರಿಸಿದರು. ತಾವು ಕೆಳಗೆ ಕುಕ್ಕರಗಾಲಿನಲ್ಲಿ ಕೂತರು.

"ಅಪ್ಪ ಘಟ್ಟಕ್ಕೆ ಹೋಗಲಿಲ್ಲ ಮಗಾ. ಆಚೆ ಮನೆಯಲ್ಲೇ ಇದ್ದಾರೆ, ಹುಷಾರಾಗಿದ್ದಾರೆ. ನಿನ್ನ ಅಪ್ಪನಿಗೂ ಅಮ್ಮನಿಗೂ ಬಿಡುಗಡೆ ಆಗಿದೆ. ಇನ್ನು ಅವರು ಒಂದು ಮನೆಯಲ್ಲಿ ಇರುವುದಿಲ್ಲ."

"ಈ ಮಳೆ ಮುಗಿದ ಮೇಲೂ?"

"ಮುಗಿದ ಮೇಲೂ ಇಲ್ಲ."

ಕಾಂತಿ ಕೂಡಲೇ ಅಳಲಿಲ್ಲ. ನೀರಿನಲ್ಲಿ ಹೋಗುತ್ತಿದ್ದ ಒಂದು ಎಲೆಯನ್ನು ಕಣ್ಣಿಗೆ ಮರೆಯಾಗುವವರೆಗೂ ನೋಡಿದಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಹೇಳಿದಳು. "ಅಜ್ಜಿಮನೆಗೆ ಹೋಗುವ ಅಂತ ಹಠ ಮಾಡಿದ್ದು ನಾನು. ಹಲಸಿನ ಹಣ್ಣು ತಿನ್ನಲಿಕ್ಕೆ. ನಾನು ಹಠ ಮಾಡದಿದ್ದರೆ ಅಮ್ಮ ಹೊರಡುತ್ತಿರಲಿಲ್ಲ."

ಆಗ ಸರಸಕ್ಕನಿಗೆ ಒಂದು ಸಂಗತಿ ಹೊಳೆಯಿತು. ಈ ವರ್ಷ ಹುಡುಗಿ ಹಲಸು ಮುಟ್ಟುತ್ತಿಲ್ಲ, ತೊಳೆ ಬಿಡಿಸಿಟ್ಟರೆ ಎದ್ದುಹೋಗುತ್ತಾಳೆ, ರುಚಿ ಕೆಟ್ಟಿದೆಯೋ ಏನೋ ಎಂದು ನೀಲಾವತಿ ಹೇಳಿದ್ದರು. ಒಂದು ವರ್ಷ ಪೂರ್ತಿ ಮಗು ಇದನ್ನು ಒಬ್ಬಳೇ ಹೊತ್ತುಕೊಂಡು ಶಾಲೆಗೆ ಹೋಗಿತ್ತು, ತಮ್ಮನನ್ನು ಆಡಿಸಿತ್ತು, ಮಲಗಿತ್ತು, ಎದ್ದಿತ್ತು.

ಛೇ, ಹಾಗೆಲ್ಲ ಹೇಳಬಾರದು ಎಂದು ತಲೆ ಸವರಿದ್ದರೆ ಮಗು ನಂಬುತ್ತಿರಲಿಲ್ಲ. ಸರಸಕ್ಕ ತಮಗೆ ಗೊತ್ತಿದ್ದದ್ದನ್ನು ಹೇಳಿದರು. "ನೀನು ಹಠ ಮಾಡಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ. ಅದಕ್ಕಿಂತ ಒಂದು ವಾರ ಮೊದಲೇ ನಿನ್ನ ಅಮ್ಮ ಪೆಟ್ಟಿಗೆಯ ಸೀರೆಗಳನ್ನೆಲ್ಲ ಒಗೆಯಲಿಕ್ಕೆ ಕೊಟ್ಟಿದ್ದರು. ಉಡದೆ ಇಟ್ಟ ಧಾರೆ ಸೀರೆಯನ್ನೂ. ಬೇರೆಯೇ ಗಂಟು ಕಟ್ಟಿಕೊಡು ಸರಸ ಅಂದರು. ನನಗೆ ಆಗಲೇ ಗೊತ್ತಾಗಿತ್ತು. ನೀನು ಹಲಸಿನ ಹಣ್ಣು ಕೇಳದಿದ್ದರೂ ನಿನ್ನ ಅಮ್ಮ ಹೊರಡುವವರೇ."

"ಧಾರೆ ಸೀರೆಯನ್ನೂ?"

"ನನ್ನ ಕೈಯಲ್ಲೇ ಮಡಚಿದ್ದೇನೆ."

ಆಗ ಅತ್ತಳು. ಅಳುವುದು ಮುಗಿಯುವವರೆಗೆ ಸರಸಕ್ಕ ಪಕ್ಕದಲ್ಲಿ ಕೂತಿದ್ದರು. ಉಬ್ಬೆಯ ಬಟ್ಟೆ ಹಂಡೆಯಲ್ಲೇ ತಣ್ಣಗಾಯಿತು. ಅಪ್ಪನಿಗೆ ನಾನು ಬೇಡವಾ ಎಂದು ಕಾಂತಿ ಕೇಳಿದಾಗ, ಅದನ್ನು ನಾನು ಹೇಳುವ ಹಾಗಿಲ್ಲ, ಅವರೇ ಹೇಳಬೇಕು, ನಾನು ಕೇಳಿ ಬರುತ್ತೇನೆ ಎಂದರು. ಆಮೇಲೆ ಬೈರಾಸು ಕೊಡು, ಆಚೆಗೆ ಮುಟ್ಟಿಸಬೇಕು ಎಂದು ಕೈ ಚಾಚಿದರು. ಹುಡುಗಿ ಕೊಟ್ಟಳು. ಕೊಡುವಾಗ ಒಂದು ಮಾತು ಹೇಳಿದಳು.

"ಇಟ್ಟುಕೊಂಡೂ ಪ್ರಯೋಜನ ಇಲ್ಲ. ಇದರಲ್ಲಿ ಅಪ್ಪನ ವಾಸನೆ ಇಲ್ಲ. ನೀವು ಒಗೆದುಬಿಟ್ಟಿದ್ದೀರಿ."

ಚೆನ್ನಾಗಿ ಒಗೆಯಲಿಲ್ಲ ಎಂದು ಸರಸಕ್ಕ ಜೀವಮಾನದಲ್ಲಿ ಎಷ್ಟೋ ಸಲ ಬೈಸಿಕೊಂಡಿದ್ದಾರೆ. ಒಗೆದದ್ದಕ್ಕೆ ದೂರು ಬಂದದ್ದು ಅದೊಂದೇ ಸಲ.

ಆ ಮಧ್ಯಾಹ್ನವೇ ಅವರು ನೀಲಾವತಿಯ ಹತ್ತಿರ ಹೋಗಿ, ಮಗುವಿಗೆ ಹೀಗೆ ಹೀಗೆ ಹೇಳಿದ್ದೇನೆ ಎಂದರು. ಹಲಸಿನ ಹಣ್ಣಿನ ವಿಷಯವನ್ನೂ ಬಿಡಲಿಲ್ಲ. ನೀಲಾವತಿ ಅಕ್ಕಿ ಆರಿಸುತ್ತಿದ್ದರು. ಕೈ ನಿಂತಿತು. ಅತ್ತಳಾ ಎಂದು ಕೇಳಿದರು. ಅತ್ತಳು. ನಿನ್ನ ಹತ್ತಿರ ಅತ್ತಳಲ್ಲ, ಅಷ್ಟು ಸಾಕು ಎಂದರು ನೀಲಾವತಿ. ಮತ್ತೆ ಮೊರ ಎತ್ತಿಕೊಂಡರು. ಆದರೆ ಆ ಸಂಜೆ ನೀಲಾವತಿ ಹಲಸಿನ ಹಣ್ಣೊಂದನ್ನು ಕುಯ್ದು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ತೊಳೆ ಬಿಡಿಸಿ ಬಿಡಿಸಿ ಕೊಡುತ್ತ ಮಾತಾಡುತ್ತಿದ್ದರೆಂದು ನಿತ್ಯಾನಂದ ಮರುದಿನ ವರದಿ ತಂದ. "ಅಕ್ಕ ತುಂಬಾ ತಿಂದಳು. ಅಮ್ಮನೂ ಅತ್ತರು."

ಚಿನ್ನಯ್ಯನಿಗೆ ಗೊತ್ತಾದಾಗ ಸುಮ್ಮನಿರಲಿಲ್ಲ. ಹೇಳಬೇಡ ಎಂದದ್ದನ್ನು ಹೇಳಿದವಳಿಗೆ ಈ ಮನೆಯ ಬಟ್ಟೆ ಇಲ್ಲ ಎಂದರು. ಮಡಿವಾಳಿತಿಗೆ ಒಂದು ಮನೆ ತಪ್ಪುವುದೆಂದರೆ ಮನೆತನದ ಹಕ್ಕು ತಪ್ಪಿದ ಹಾಗೆ. ಚನಿಯಪ್ಪ ಮೂರು ದಿನ ಹೆಂಡತಿಯ ಹತ್ತಿರ ಮಾತು ಬಿಟ್ಟರು. ಅವರ ಮಟ್ಟಿಗೆ ಅದು ದೊಡ್ಡ ಶಿಕ್ಷೆ, ಅವರಿಗೇ. ದೊಡ್ಡವರ ಬಟ್ಟೆ ಬೇರೆಯವರ ಕೈಗೆ ಹೋಯಿತು. ಆದರೆ ನೀಲಾವತಿ, ಮಕ್ಕಳ ಬಟ್ಟೆ ಮಾತ್ರ ಸರಸನೇ ಒಗೆಯಬೇಕು, ಅವಳು ಬರದಿದ್ದರೆ ಕಾಂತಿ ಕೊಂಡುಹೋಗುತ್ತಾಳೆ ಎಂದರು. ಅಣ್ಣನಿಗೆ ಎದುರು ಹೇಳಿದ್ದು ಅವರು ಅದೇ ಮೊದಲು. ಹಾಗೆ ಕಾಂತಿಯ ಶನಿವಾರಗಳು ಶುರುವಾದವು.

ಆಚೆ ಮನೆಯ ಅಂಗಳದಲ್ಲಿ ಸರಸಕ್ಕ ಬೈರಾಸನ್ನು ರಮಾನಾಥರ ಕೈಗೇ ಕೊಟ್ಟರು. ತಪ್ಪಿ ಈಚೆ ಮನೆಗೆ ಹೋಗಿತ್ತು ಧಣಿ, ಮಗು ಇದನ್ನು ಮೂಸಿ ನೋಡಿದೆ ಎಂದರು. ರಮಾನಾಥರು ಮುಖ ಆಚೆ ತಿರುಗಿಸಿ, ನಾನು ಆ ಅಂಗಳಕ್ಕೆ ಹೇಗೆ ಹೋಗುವುದು ಎಂದು ಕೇಳಿದರು. ಬಿಡುಗಡೆಯಾದ ಮೇಲೆ ಹೆಂಡತಿಯ ಮನೆಯ ಮೆಟ್ಟಿಲು ಹತ್ತುವುದು ಗಂಡಸಿಗೆ ಅವಮಾನ, ಆ ಮನೆಯವರಿಗೂ ಅವಮಾನ. ಅದು ಸರಸಕ್ಕನಿಗೂ ಗೊತ್ತು. "ಅಂಗಳಕ್ಕೆ ಬೇಡ ಧಣಿ. ತೋಡು ಯಾರ ಅಂಗಳವೂ ಅಲ್ಲ. ಶನಿವಾರ ಒಂದು ಸಲ ಕಾಲು ತೊಳೆಯಲಿಕ್ಕೆ ಬನ್ನಿ."

ಬಂದರು. ಮೊದಲ ಶನಿವಾರ ಅಪ್ಪನೂ ಮಗಳೂ ನೀರಿಗೆ ಕಾಲಿಟ್ಟು ಕೂತರು. ಈಗ ಎಷ್ಟನೇ ಕ್ಲಾಸು ಎಂದು ಅವರು ಕೇಳಿದರು, ಗೊತ್ತಿದ್ದೂ. ಅವಳು ಹೇಳಿದಳು. ನಿತ್ಯಾನಂದ ಮಾತ್ರ ಯಾವ ಮುಜುಗರವೂ ಇಲ್ಲದೆ ಅಪ್ಪನ ಹೆಗಲೇರಿ ಕೂತ. ಹೊರಡುವಾಗ ರಮಾನಾಥರು ಮಗಳಿಗೆ, ನಿನ್ನನ್ನು ಬೇಡ ಎಂದು ನಾನು ಯಾವತ್ತೂ ಹೇಳಿಲ್ಲ ಎಂದರು. ಸರಸಕ್ಕ ಬೆನ್ನು ತಿರುಗಿಸಿ ಬಟ್ಟೆ ಹೊಡೆಯುತ್ತಿದ್ದರು. ತಮ್ಮ ಕಿವಿಗೆ ಬೀಳಬಾರದೆಂದು ಜೋರಾಗಿಯೇ ಹೊಡೆದರಂತೆ. ಆದರೂ ಬಿತ್ತು.

ಅಂದಿನಿಂದ ಇನ್ನೊಂದು ಅಭ್ಯಾಸವೂ ನಡೆದು ಬಂತು, ರಮಾನಾಥರಿಗೂ ತಿಳಿದೇ. ಅಪ್ಪ ಬಾರದ ಶನಿವಾರ, ಆಚೆ ಮನೆಯ ಗಂಟಿನಿಂದ ಒಂದು ಬೈರಾಸನ್ನು ಸರಸಕ್ಕ ಉಬ್ಬೆಗೆ ಹಾಕದೆ ಬೇರೆ ಇಡುತ್ತಾರೆ. ಒಗೆಯದ ಬಟ್ಟೆಯನ್ನು ಇನ್ನೊಂದು ಮನೆಯ ಮಗುವಿನ ಕೈಗೆ ಕೊಡುವುದು ಮಡಿವಾಳರ ಕುಲದಲ್ಲಿ ಇಲ್ಲದ್ದು. ಅತ್ತೆ ಇದ್ದಿದ್ದರೆ ಕೋಲು ತೆಗೆದುಕೊಳ್ಳುತ್ತಿದ್ದರು ಎಂದು ಸರಸಕ್ಕನೇ ಹೇಳುತ್ತಾರೆ. ಕಾಂತಿ ಅದನ್ನು ಸ್ವಲ್ಪ ಹೊತ್ತು ಇಟ್ಟುಕೊಂಡು ಮರಳಿ ಕೊಡುತ್ತಾಳೆ. ಅಷ್ಟೇ.

ಚಿನ್ನಯ್ಯ ಎರಡು ಮಳೆಗಾಲ ಸಿಟ್ಟು ಹಿಡಿದರು. ಆಮೇಲೆ ಒಂದು ದಿನ ಪದವಿನ ಮೇಲೆ ಬಂದು, ಹರವಿದ ಬಟ್ಟೆಗಳ ನಡುವೆ ನಿಂತು, ಹವೆ ಹೇಗುಂಟು, ಮಳೆ ಬರುತ್ತದೋ ಇಲ್ಲವೋ ಎಂದೆಲ್ಲ ಚನಿಯಪ್ಪನ ಹತ್ತಿರ ಮಾತಾಡಿದರು. ಹೋಗುವಾಗ ತಿರುಗದೆ, ನಾಳೆ ಸರಸನಿಗೆ ಬಟ್ಟೆ ತೆಗೆದುಕೊಂಡು ಹೋಗಲಿಕ್ಕೆ ಬರಹೇಳು ಎಂದರು. ಮಕ್ಕಳ ಗಂಟು ಮಾತ್ರ ಶನಿವಾರ ಕಾಂತಿಯ ಕೈಯಲ್ಲೇ ಬರುತ್ತ ಉಳಿಯಿತು.

ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಕಳೆದ ವರ್ಷ ಪದವಿನಾಚೆಯ ಮೈಮೂನಮ್ಮ ಬರಹೇಳಿದರು. ಮಗಳಿಗೆ ತಲಾಕ್ ಆಗಿ ಮೊಮ್ಮಗಳ ಜೊತೆ ಮನೆಗೆ ಬಂದಿದ್ದಳು. ಮೊಮ್ಮಗಳು ಉಪ್ಪನನ್ನು, ಅಂದರೆ ಅಪ್ಪನನ್ನು, ಕಾಯುತ್ತ ದಿನವೂ ಬಾಗಿಲಲ್ಲಿ ಕೂರುತ್ತಿದ್ದಳು. ಉಪ್ಪ ಹಡಗಿನಲ್ಲಿದ್ದಾರೆ ಎಂದು ಹೇಳಿ ಮೈಮೂನಮ್ಮ ಸಿಕ್ಕಿಬಿದ್ದಿದ್ದರು. ಯಾವ ಹಡಗು, ಯಾವ ಬಣ್ಣ, ಎಲ್ಲಿ ನಿಲ್ಲುತ್ತದೆ ಎಂದು ಮಗು ಬಿಡದೆ ಕೇ‍ಳುತ್ತಿತ್ತು.

"ನಾನು ಹಡಗು ಕಂಡವಳಾ ಸರಸ? ಇನ್ನು ನನ್ನಿಂದ ಆಗುವುದಿಲ್ಲ. ನೀನೇ ಹೇಳು," ಎಂದರು ಮೈಮೂನಮ್ಮ.

"ಹೇಳುವುದು ನಾನಲ್ಲ, ನೀವೇ. ನಾನು ಪಕ್ಕದಲ್ಲಿ ಕೂತುಕೊಳ್ತೇನೆ."

"ಮತ್ತೆ ನಿನ್ನನ್ನು ಕರೆದದ್ದು ಯಾತಕ್ಕೆ, ಚಹ ಕುಡಿಯಲಿಕ್ಕಾ?"

"ಚಹವೂ ಕೊಡಿ."

ಕೊನೆಗೆ ಹೇಳಿದ್ದು ಆ ಮಗುವಿನ ತಾಯಿಯೇ. ಸರಸಕ್ಕ ಚಹದ ಲೋಟ ಹಿಡಿದು ಬಾಗಿಲ ಬಳಿ ಕೂತಿದ್ದರು. ಮಗು ಏನನ್ನು ತನ್ನ ತಪ್ಪೆಂದು ಅಂದುಕೊಂಡಿದೆ ಎನ್ನುವುದನ್ನು ಕೇಳಿ ನೋಡಿ ಎಂದು ಒಂದು ಮಾತು ಮಾತ್ರ ಹೇಳಿಕೊಟ್ಟರು. ಈಗ ಎಲ್ಲಿ ಕರೆದರೂ ಅವರು ಹೇಳುವುದು ಅದನ್ನೇ. "ಯಾವ ಮಗುವಾದರೂ ಒಂದು ಹಲಸಿನ ಹಣ್ಣು ಒಳಗೆ ಇಟ್ಟುಕೊಂಡೇ ಇರ್ತದೆ. ಅದನ್ನು ಮೊದಲು ಹೊರಗೆ ತೆಗೆಯಬೇಕು."

ಬಿಸಿಲು ತೋಡಿಗೆ ಇಳಿದಿದೆ. ಕಾಂತಿ ಬಂದಾಯಿತು. ಎರಡು ಜಡೆ, ಗಂಟು ಕಂಕುಳಲ್ಲಿ. ಈಗ ಅವಳಿಗೆ ಹೆಚ್ಚು ಹೇಳಬೇಕಾಗಿಲ್ಲ. ಕಳೆದ ವರ್ಷ ರಮಾನಾಥರು ಬೆಳುವಾಯಿಯ ಕಡೆಯ ಹೆಂಗಸನ್ನು ಮದುವೆಯಾಗಿ ಅಲ್ಲಿಯೇ ಬೇಸಾಯಕ್ಕೆ ನಿಂತರು. ಅದನ್ನೂ ಬೇರೆಯವರ ಬಾಯಿಂದ ಕೇಳುವ ಮೊದಲು ಸರಸಕ್ಕನೇ ಹೇಳಿದರು. ಅಲ್ಲಿ ಮಕ್ಕಳಿದ್ದಾರಾ ಎಂದು ಅವಳು ಕೇಳಿದಳು. ಈಗ ಇಲ್ಲ, ಮುಂದೆ ಆಗಬಹುದು ಎಂದರು. ಅವಳು ತಲೆಯಾಡಿಸಿದಳು. ಅಲ್ಲಿಂದ ಇಲ್ಲಿಗೆ ಎರಡು ಬಸ್ಸು ಬದಲಿಸಿ ಬರಬೇಕು. ಬರುವುದು ಕಡಿಮೆಯಾಗುತ್ತ ಬಂದಿದೆ.

ಪದವಿನ ಮೇಲೆ ಮೂಡಬಿದ್ರೆಯ ಬಸ್ಸು ನಿಂತ ಸದ್ದು. ಸರಸಕ್ಕ ಬಟ್ಟೆ ಹಿಂಡುವುದನ್ನು ನಿಲ್ಲಿಸುತ್ತಾರೆ. ಕಾಂತಿ ಮೇಲೆ ನೋಡುವುದಿಲ್ಲ, ನೀರನ್ನು ನೋಡುತ್ತಾಳೆ, ಆದರೆ ಅವಳ ಬೆನ್ನೆಲ್ಲ ಕಿವಿಯಾಗಿದೆ. ಸ್ವಲ್ಪ ಹೊತ್ತಿಗೆ ದಾರಿಯಲ್ಲಿ ಇಳಿದು ಬರುವವರು ಚನಿಯಪ್ಪ ಒಬ್ಬರೇ. ಕೈಯಲ್ಲಿ ಒಂದು ಗಂಟು. ಬಸ್ಸಿನ ಕಂಡಕ್ಟರ್ ಉಮ್ಮರ್ ಕೊಟ್ಟದ್ದು.

"ಬೆಳುವಾಯಿಯಲ್ಲಿ ಮಡಿವಾಳರೇ ಇಲ್ಲವೋ ಏನೋ," ಎನ್ನುತ್ತಾರೆ ಚನಿಯಪ್ಪ. "ಎರಡು ಬಸ್ಸು ಹತ್ತಿಸಿ ಕೊಳೆ ಬಟ್ಟೆ ಕಳಿಸುವವರನ್ನು ನಾನು ಈಗಲೇ ಕಂಡದ್ದು." ಹೇಳಿ, ಹೆಂಡತಿಯ ಮುಖ ನೋಡಿ, ಹಂಡೆಯ ಕಡೆಗೆ ಹೋಗುತ್ತಾರೆ.

"ಇವತ್ತು ಬರಲಿಲ್ಲ ಮಗಾ," ಎನ್ನುತ್ತಾರೆ ಸರಸಕ್ಕ.

"ಆಯಿತು," ಎನ್ನುತ್ತಾಳೆ ಕಾಂತಿ.

ಗಂಟು ಬಿಚ್ಚುತ್ತಾರೆ. ಎರಡು ಗೀಟು, ಒಂದು ಬೊಟ್ಟು. ಮೇಲೆಯೇ ಇಟ್ಟಿದ್ದಾರೆ ಬೈರಾಸನ್ನು, ಹುಡುಕಬೇಕಾಗಿಲ್ಲದ ಹಾಗೆ. ಕಾಂತಿ ಅದನ್ನು ತೆಗೆದುಕೊಂಡು ದೊಡ್ಡ ಬಂಡೆಯ ಹಿಂದೆ ಹೋಗುತ್ತಾಳೆ. ದೊಡ್ಡವಳಾಗುತ್ತಿದ್ದಾಳೆ, ಈಗ ಯಾರೆದುರೂ ಮೂಸುವುದಿಲ್ಲ. ಸರಸಕ್ಕ ಅತ್ತ ನೋಡದೆ ಬಟ್ಟೆಗೆ ಹಾಕುವ ಗಂಜಿ ಕಲಸುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಹುಡುಗಿ ಹೊರಗೆ ಬರುತ್ತಾಳೆ. ಬೇರೆ ದಿನ ಸರಸಕ್ಕನ ಕೈಗೆ ಕೊಡುತ್ತಿದ್ದವಳು ಇವತ್ತು ತಾನೇ ಬೂದಿನೀರಿನ ಮಡಕೆಯ ಬಳಿ ಹೋಗಿ, ಬೈರಾಸನ್ನು ಮುಳುಗಿಸಿ, ಕೈಯಿಂದ ಒತ್ತಿ ಹಿಡಿಯುತ್ತಾಳೆ, ಗುಳ್ಳೆಗಳು ಏಳುವುದು ನಿಲ್ಲುವವರೆಗೆ.

"ನೋಡಿದಿರಾ," ಎನ್ನುತ್ತಾರೆ ಸರಸಕ್ಕ, ಅವಳು ದಾರಿ ಹತ್ತಿ ಮರೆಯಾದ ಮೇಲೆ. "ಇವಳು ಕೈ ಹಿಂದೆ ಕಟ್ಟಿಕೊಂಡು ನಿಲ್ಲುವುದಿಲ್ಲ."

ಅವರಿಗೊಂದು ಆಸೆಯುಂಟು, ಕೇಳಿದರೆ ಹೇಳುತ್ತಾರೆ. ಸೋಪು, ನೀಲಿ ತರಲು ವರ್ಷಕ್ಕೆ ನಾಲ್ಕಾರು ಸಲ ಮೂಡಬಿದ್ರೆಗೆ ಹೋಗುತ್ತಾರೆ. ಹೋದಾಗಲೆಲ್ಲ ಪೇಟೆಯ ಮುದುಕರ ಮುಖ ನೋಡುತ್ತ ನಡೆಯುತ್ತಾರೆ. ಅಪ್ಪನ ಮುಖ ನೆನಪಿಲ್ಲ. ಅಂಗಿ ನೋಡಿ ಗುರುತಿಸುವ ಅಂದರೆ, ಯಾವ ಮನೆಯ ಗುರುತೆಂದೂ ಗೊತ್ತಿಲ್ಲ. ಒಂದು ಸಲ ಸಿಕ್ಕಿದರೆ ಸಾಕು, ಬಳೆ ಕೇಳಲಿಕ್ಕಲ್ಲ, ಬೈಯಲಿಕ್ಕೂ ಅಲ್ಲ.

"ನಿಮ್ಮ ಬಟ್ಟೆ ಈಗ ಯಾರು ಒಗೆಯುವುದು ಅಂತ ಕೇಳ್ತೇನೆ," ಎಂದು ಸರಸಕ್ಕ ಮತ್ತೆ ನೀರಿಗೆ ಇಳಿಯುತ್ತಾರೆ.